ಬೆಳಗಾಯಿತೆಂದು ಹೇಳುವವರು

ಪವಿತ್ರ ಕುರ್‌ಆನಿನ 80ನೆಯ ಅಧ್ಯಾಯವಾದ ‘ಅಬಸ’ದ ಹಿನ್ನೆಲೆಯನ್ನು ಮದ್ರಸಾದಲ್ಲಿ ಓದಿದ ಪ್ರತಿಯೊಬ್ಬರೂ ಬಲ್ಲರು. ಪ್ರವಾದಿ ಮುಹಮ್ಮದ್(ಸ) ಮಕ್ಕಾದ ಕುರೈಶ್ ಮುಖಂಡರೊಂದಿಗೆ ಮಾತುಕತೆಯಲ್ಲಿ ಮಗ್ನರಾಗಿದ್ದಾಗ, ಅಂಧರಾಗಿದ್ದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಅಲ್ಲಿಗೆ ಬಂದು ತಮಗೆ ಧರ್ಮವನ್ನು ಕಲಿಸಿಕೊಡಬೇಕೆಂದು ಕೇಳಿಕೊಂಡರು. ಮಾತಿನ ನಡುವೆ ಬಂದ ಈ ಅಡಚಣೆಯಿಂದ ಪ್ರವಾದಿವರ್ಯರ(ಸ) ಹುಬ್ಬು ಗಂಟಿಕ್ಕಿತು. ಎದುರಿಗಿದ್ದವರಿಗೆ ಅದು ಕಾಣುವಂತಿರಲಿಲ್ಲ. ಆದರೂ ಅಲ್ಲಾಹನು ಆ ಅಂಧ ವ್ಯಕ್ತಿಯ ಪಕ್ಷ ವಹಿಸಿ, ತನ್ನ ಪ್ರೀತಿಯ ಪ್ರವಾದಿಯನ್ನೇ ಎಚ್ಚರಿಸುವ ವಚನಗಳನ್ನು ಅವತೀರ್ಣಗೊಳಿಸಿದನು. ಆ ವಚನಗಳು ಇಂದಿಗೂ ನಮ್ಮ ನಮಾಝ್‌ಗಳಲ್ಲಿ ಪಠಿಸಲ್ಪಡುತ್ತಿವೆ.

ನಮ್ಮ ಪ್ರವಚನಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಅಂಧರನ್ನು ಕಡೆಗಣಿಸಬಾರದು, ಅಸಹಾಯಕರ ಮೇಲೆ ಕನಿಕರವಿರಬೇಕು ಎಂಬ ಉಪದೇಶದೊಂದಿಗೆ ಮಾತು ಮುಗಿಯುತ್ತದೆ. ಆದರೆ ಇಬ್ನು ಉಮ್ಮಿ ಮಕ್ತೂಮ್‌ರ(ರ) ಜೀವನ ಅಲ್ಲಿಗೆ ಮುಗಿಯಲಿಲ್ಲ. ಅವರು ಮದೀನಾಕ್ಕೆ ಹಿಜ್ರತ್ ಮಾಡಿದರು. ಪ್ರವಾದಿವರ್ಯರು(ಸ) ಅವರನ್ನು ಹಝ್ರತ್ ಬಿಲಾಲ್‌ರೊಂದಿಗೆ(ರ) ತಮ್ಮ ಮಸೀದಿಯ ಮುಅಝ್ಝಿನ್ ಆಗಿ ನೇಮಿಸಿದರು. ತಾವು ಮದೀನಾದಿಂದ ಹೊರಗೆ ಹೋಗಬೇಕಾಗಿ ಬಂದ ಹಲವು ಸಂದರ್ಭಗಳಲ್ಲಿ ಊರಿನ ಹೊಣೆಯನ್ನೂ ನಮಾಝ್‌ನ ನೇತೃತ್ವವನ್ನೂ ಅವರಿಗೇ ಒಪ್ಪಿಸಿದರು. ಯಾವ ವ್ಯಕ್ತಿಯ ಸಲುವಾಗಿ ವಚನಗಳು ಇಳಿದವೋ ಆ ವ್ಯಕ್ತಿಗೆ ದೊರೆತದ್ದು ಭಿಕ್ಷೆಯಲ್ಲ, ಹುದ್ದೆ.

ಇದರಲ್ಲಿ ನನ್ನನ್ನು ಬಹಳ ಕಾಲದಿಂದ ಯೋಚನೆಗೆ ಹಚ್ಚಿರುವ ಒಂದು ಸಂಗತಿಯಿದೆ. ರಮಝಾನಿನಲ್ಲಿ ಬಿಲಾಲ್(ರ) ಇನ್ನೂ ರಾತ್ರಿಯಿರುವಾಗಲೇ ಅಝಾನ್ ಕೊಡುತ್ತಿದ್ದರು. ಉಪವಾಸಿಗರು ಊಟ ನಿಲ್ಲಿಸಬೇಕಾಗಿದ್ದುದು ಇಬ್ನು ಉಮ್ಮಿ ಮಕ್ತೂಮ್‌ರ(ರ) ಅಝಾನ್ ಕೇಳಿದಾಗ. ಗಡಿಯಾರಗಳಿಲ್ಲದ ಆ ಕಾಲದಲ್ಲಿ ಫಜ್ರ್‌ನ ಸಮಯವನ್ನು ಪೂರ್ವದ ಆಕಾಶದ ಬೆಳ್ಳನೆಯ ರೇಖೆಯನ್ನು ಕಣ್ಣಾರೆ ಕಂಡೇ ನಿರ್ಧರಿಸಬೇಕಾಗಿತ್ತು. ಕಣ್ಣನ್ನೇ ಬೇಡುವ ಆ ಕೆಲಸವನ್ನು ಕಣ್ಣಿಲ್ಲದವರಿಗೆ ವಹಿಸಲಾಗಿತ್ತು! ಅದು ಹೇಗೆ ನಡೆಯುತ್ತಿತ್ತೆಂಬುದನ್ನು ಇಮಾಮ್ ಬುಖಾರಿಯವರ ಹದೀಸ್ ಸಂಗ್ರಹವೇ ತಿಳಿಸುತ್ತದೆ: ಬೆಳಗಾಯಿತೆಂದು ಜನರು ಅವರಿಗೆ ಹೇಳುತ್ತಿದ್ದರು. ಅನಂತರ ಅವರು ಅಝಾನ್ ಕೊಡುತ್ತಿದ್ದರು.

ಕಾಣುವುದಿಲ್ಲವಾದ್ದರಿಂದ ಈ ಕೆಲಸ ಇವರಿಗೆ ಬೇಡ ಎಂದು ಮದೀನಾದ ಸಮಾಜ ತೀರ್ಮಾನಿಸಲಿಲ್ಲ. ಕೆಲಸ ಅವರದೇ ಆಗಿ ಉಳಿಯಿತು. ಅವರಿಗೆ ಸಾಧ್ಯವಿಲ್ಲದ ಒಂದೇ ಒಂದು ಅಂಶವನ್ನು ನೆರೆಹೊರೆಯವರು ತುಂಬಿಕೊಟ್ಟರು. ವಿಕಲಚೇತನರ ಬಗ್ಗೆ ಸಮಾಜದ ಕರ್ತವ್ಯವೇನೆಂದು ಯಾರಾದರೂ ಕೇಳಿದರೆ ನಾನು ಈ ಉದಾಹರಣೆಯನ್ನೇ ಮುಂದಿಡುತ್ತೇನೆ.

ನಂಜನಗೂಡನ್ನು ದಾಟಿದ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಈ ಎರಡೂ ಊರುಗಳಲ್ಲಿ ಮಕ್ಕಳಿಗೆ ಕಲಿಸುವ ಭಾಗ್ಯವನ್ನು ಅಲ್ಲಾಹನು ನನಗೆ ಕರುಣಿಸಿದ್ದಾನೆ. ಇಲ್ಲಿನ ಜನರಲ್ಲಿ ಕನಿಕರಕ್ಕೆ ಕೊರತೆಯಿಲ್ಲ. ಶುಕ್ರವಾರ ಮಸೀದಿಯ ಬಾಗಿಲಲ್ಲಿ ಕೈಚಾಚಿದವರು ಬರಿಗೈಯಲ್ಲಿ ಹೋಗುವುದಿಲ್ಲ. ರಮಝಾನ್ ಬಂದರೆ ಅಕ್ಕಿ, ಬೇಳೆ, ಎಣ್ಣೆಯ ಪೊಟ್ಟಣಗಳು ಕಷ್ಟದಲ್ಲಿರುವವರ ಮನೆಗಳನ್ನು ತಲುಪುತ್ತವೆ. ಕೊರತೆಯಿರುವುದು ಬೆಳಗಾಯಿತೆಂದು ಹೇಳುವವರದು.

ನಂಜನಗೂಡಿನಲ್ಲಿ ನನಗೆ ಪರಿಚಿತರಾದ ಒಬ್ಬ ಹಿರಿಯರಿದ್ದಾರೆ. ಬಾಲ್ಯದಲ್ಲಿ ಪೋಲಿಯೊ ತಗುಲಿ ಅವರ ಎರಡೂ ಕಾಲುಗಳು ಶಕ್ತಿ ಕಳೆದುಕೊಂಡವು. 2014ರ ಮಾರ್ಚ್‌ನಲ್ಲಿ ಭಾರತವು ಪೋಲಿಯೊಮುಕ್ತವೆಂದು ಘೋಷಿತವಾಯಿತು. ಲಸಿಕೆ ಮನೆಮನೆಗೆ ತಲುಪುವ ಮೊದಲು ಹುಟ್ಟಿದ ತಲೆಮಾರಿನವರು ಅವರು. ಹೊಲಿಗೆ ಕಲಿತು, ಸ್ವಂತ ಅಂಗಡಿಯಿಟ್ಟು, ಮೂವರು ಮಕ್ಕಳನ್ನು ಓದಿಸಿದ್ದಾರೆ. ಜುಮುಅ ನಮಾಝ್‌ಗೆ ಮೂರು ಚಕ್ರದ ಸ್ಕೂಟರಿನಲ್ಲಿ ಬರುತ್ತಾರೆ. ಮಸೀದಿಗೆ ಏಳು ಮೆಟ್ಟಿಲುಗಳು. ಯಾರಾದರೂ ಇಬ್ಬರು ಯುವಕರು ಬಂದು ಎತ್ತಿಕೊಂಡು ಹೋಗುವವರೆಗೆ ಅವರು ಬಾಗಿಲ ಬಳಿ ಕುಳಿತು ಕಾಯಬೇಕು.

ಒಂದು ಶುಕ್ರವಾರ ಅವರು ಹಾಗೆ ಕಾಯುತ್ತಿದ್ದಾಗ, ಪರ ಊರಿನಿಂದ ಬಂದಿದ್ದ ಒಬ್ಬರು ಅವರ ಮಡಿಲಿಗೆ ಹತ್ತು ರೂಪಾಯಿಯ ನೋಟೊಂದನ್ನು ಹಾಕಿ ಒಳಗೆ ನಡೆದರು. ಕೊಟ್ಟವರ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಆ ಹಿರಿಯರ ಮುಖವನ್ನು ನಾನು ನೋಡಿದೆ. ಅವರು ಒಂದು ಮಾತನ್ನೂ ಆಡಲಿಲ್ಲ. ಯುವಕರು ಬಂದು ಎತ್ತಿಕೊಂಡಾಗ ಆ ನೋಟನ್ನು ಮಸೀದಿಯ ಕಾಣಿಕೆ ಪೆಟ್ಟಿಗೆಗೆ ಹಾಕಿ, ತಮ್ಮ ಜೇಬಿನಿಂದ ಇನ್ನೊಂದು ನೋಟನ್ನು ತೆಗೆದು ಅದರೊಂದಿಗೆ ಸೇರಿಸಿದರು.

ನಮ್ಮ ಫಿಕ್ಹ್ ಗ್ರಂಥಗಳು ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿವೆ. ಕುರ್‌ಆನ್ ಝಕಾತ್‌ಗೆ ಎಂಟು ವರ್ಗಗಳನ್ನು ಹೆಸರಿಸಿದೆ. ಬಡವರು, ನಿರ್ಗತಿಕರು, ಸಾಲಗಾರರು ಮೊದಲಾದವರು ಅದರಲ್ಲಿದ್ದಾರೆ. ಅಂಧರು, ಕುಂಟರು ಎಂಬ ವರ್ಗ ಅದರಲ್ಲಿಲ್ಲ. ಅಂಗವೈಕಲ್ಯವುಳ್ಳ ವ್ಯಕ್ತಿ ಬಡವನಾಗಿದ್ದರೆ ಝಕಾತ್ ಪಡೆಯುತ್ತಾನೆ. ನಿಸಾಬ್‌ನಷ್ಟು ಸಂಪತ್ತುಳ್ಳವನಾಗಿದ್ದರೆ ಎಲ್ಲರಂತೆ ಅವನೂ ಝಕಾತ್ ಕೊಡಬೇಕು. ಅಂದರೆ ಶರೀಅತ್ತಿನ ದೃಷ್ಟಿಯಲ್ಲಿ ಶಕ್ತಿಯಿಲ್ಲದ ಕಾಲಾಗಲಿ, ಕಾಣದ ಕಣ್ಣಾಗಲಿ ಒಬ್ಬನನ್ನು ಭಿಕ್ಷುಕನನ್ನಾಗಿ ಮಾಡುವುದಿಲ್ಲ. ಆ ಹಿರಿಯರು ಝಕಾತ್ ಕೊಡುವವರ ಸಾಲಿನವರು. ಅವರನ್ನು ಬೇಡುವವರ ಜಾಗದಲ್ಲಿ ಕೂರಿಸಿದ್ದು ಅವರ ಕಾಲುಗಳಲ್ಲ, ಆ ಏಳು ಮೆಟ್ಟಿಲುಗಳು.

ಈ ವಿಷಯ ಕಮಿಟಿಯ ಸಭೆಗೆ ಬಂತು. ಒಬ್ಬರಿಗಾಗಿ ಇಷ್ಟು ಖರ್ಚೇಕೆ, ಎತ್ತಿಕೊಂಡು ಹೋಗುವ ಯುವಕರಿಗೆ ಪುಣ್ಯವೂ ಸಿಗುತ್ತದಲ್ಲವೇ ಎಂದು ಕೆಲವರು ಕೇಳಿದರು. ಪುಣ್ಯ ಸಂಪಾದನೆಗಾಗಿ ಇನ್ನೊಬ್ಬರನ್ನು ಬಾಗಿಲಲ್ಲಿ ಕಾಯಿಸುವುದು ಯಾವ ನ್ಯಾಯ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. ಕೊನೆಗೆ ಪಕ್ಕದ ಬಾಗಿಲಿಗೆ ಇಳಿಜಾರು ಹಾದಿ ನಿರ್ಮಾಣವಾಯಿತು. ಅದು ಸಿದ್ಧವಾದ ಮೇಲೆ ಕಂಡದ್ದೇನೆಂದರೆ, ಮಂಡಿನೋವಿನಿಂದ ಮನೆಯಲ್ಲೇ ನಮಾಝ್ ಮಾಡುತ್ತಿದ್ದ ಐದಾರು ವೃದ್ಧರು ಮತ್ತೆ ಜಮಾಅತ್‌ಗೆ ಬರತೊಡಗಿದರು. ಒಬ್ಬರಿಗಾಗಿ ಎಂದುಕೊಂಡಿದ್ದ ಹಾದಿಯನ್ನು ಕಾಯುತ್ತಿದ್ದವರು ಹಲವರಿದ್ದರು. ಅವರು ಬಾಯಿಬಿಟ್ಟು ಕೇಳಿರಲಿಲ್ಲ, ಅಷ್ಟೆ.

ಕಾಲಿನ ತೊಂದರೆಗೆ ಸಿಮೆಂಟು ಜಲ್ಲಿಯಿಂದ ಪರಿಹಾರ ದೊರೆಯಿತು. ಎಲ್ಲ ತೊಂದರೆಗಳೂ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ನಾನು ತಿ. ನರಸೀಪುರದಲ್ಲಿದ್ದಾಗ ಒಬ್ಬ ತಾಯಿ ತನ್ನ ಒಂಬತ್ತು ವರ್ಷದ ಮಗನನ್ನು ಮದ್ರಸಾಕ್ಕೆ ಕರೆತಂದರು. ಹುಡುಗನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ, ಆದ್ದರಿಂದ ಮಾತೂ ಬಂದಿಲ್ಲ. ಅವನಿಗೆ ಧರ್ಮದ ಹೊಣೆಯೇ ಇಲ್ಲ, ಕಲಿಸುವ ಕಷ್ಟವೇಕೆ ಎಂದು ಹಿಂದೆ ಯಾರೋ ಹೇಳಿ ಕಳುಹಿಸಿದ್ದರಂತೆ. ಆ ತಾಯಿ ನನ್ನಲ್ಲಿ ಕೇಳಿದ್ದು ಒಂದೇ ಮಾತು: “ಮೌಲಾನಾ, ಅಲ್ಲಾಹನು ಇವನನ್ನು ತನ್ನ ಲೆಕ್ಕದಲ್ಲಿ ಇಟ್ಟುಕೊಂಡಿಲ್ಲವೇ?”

ಹೊಣೆಯಿಂದ ವಿನಾಯಿತಿ ಪಡೆದವರು ನಿದ್ರಿಸುತ್ತಿರುವವರು, ಪ್ರಾಯ ತಲುಪದ ಮಕ್ಕಳು ಮತ್ತು ಬುದ್ಧಿ ಸ್ವಾಧೀನದಲ್ಲಿಲ್ಲದವರು ಎಂದು ಹದೀಸ್ ತಿಳಿಸುತ್ತದೆ. ಕಿವುಡನು ಅವರ ಸಾಲಿನಲ್ಲಿಲ್ಲ. ಉಚ್ಚರಿಸಲಾಗದವನ ಮೇಲೆ ಉಚ್ಚಾರಣೆಯ ಹೊರೆಯಿಲ್ಲ, ಆದರೆ ನಮಾಝ್ ಇದೆ. ಅಷ್ಟೇ ಅಲ್ಲ, ಮಾತು ಬಾರದವನ ಸ್ಪಷ್ಟವಾದ ಸನ್ನೆಯನ್ನು ಹನಫೀ ಫಿಕ್ಹ್ ಮಾತಿಗೆ ಸಮಾನವೆಂದೇ ಪರಿಗಣಿಸಿದೆ. ಅವನು ಸನ್ನೆಯಿಂದ ನಿಕಾಹ್‌ಗೆ ಒಪ್ಪಿಗೆ ಕೊಡಬಹುದು, ಕೊಡುಕೊಳ್ಳುವಿಕೆಯ ಕರಾರು ಮಾಡಬಹುದು. ಶತಮಾನಗಳ ಹಿಂದೆಯೇ ನಮ್ಮ ವಿದ್ವಾಂಸರು ಸನ್ನೆಯನ್ನು ಭಾಷೆಯೆಂದು ಒಪ್ಪಿದ್ದರು. ನಮ್ಮ ಮೊಹಲ್ಲಾಗಳು ಇನ್ನೂ ಅದನ್ನು ಕಲಿಯಬೇಕಾಗಿದೆ.

ಆ ಹುಡುಗನು ವುಝೂ ಮಾಡುವುದನ್ನು ಒಂದೇ ದಿನದಲ್ಲಿ ಕಲಿತನು. ಅದು ಕಣ್ಣಿನಿಂದ ಕಲಿಯುವ ವಿದ್ಯೆ. ಕಿಯಾಮ್, ರುಕೂ, ಸುಜೂದ್‌ಗಳನ್ನೂ ಹಾಗೆಯೇ ಕಲಿತನು. ತೊಡಕಾದದ್ದು ಸಜ್ದಾದಲ್ಲಿ. ಹಣೆ ನೆಲದ ಮೇಲಿರುವಾಗ ಇಮಾಮರು ಎದ್ದದ್ದು ಕಾಣುವುದಿಲ್ಲ. ತಕ್ಬೀರ್ ಅವನಿಗೆ ಕೇಳಿಸುವುದಿಲ್ಲ. ಎಲ್ಲರೂ ಎದ್ದ ಮೇಲೂ ಅವನೊಬ್ಬನು ಸಜ್ದಾದಲ್ಲೇ ಇರುತ್ತಿದ್ದನು. ಕೆಲವು ಮಕ್ಕಳು ನಗುತ್ತಿದ್ದರು. ಇದಕ್ಕೆ ಪರಿಹಾರ ಕಂಡುಕೊಂಡದ್ದು ನಾನಲ್ಲ, ಅವನ ಪಕ್ಕದಲ್ಲಿ ನಿಲ್ಲುತ್ತಿದ್ದ ಇನ್ನೊಬ್ಬ ಹುಡುಗ. ಸಫ್‌ನಲ್ಲಿ ಭುಜಕ್ಕೆ ಭುಜ ತಾಗುವಂತೆ ನಿಲ್ಲಬೇಕೆಂದು ನಾನು ಕಲಿಸಿದ್ದೆ. ಆ ಹುಡುಗನು ಸಜ್ದಾದಲ್ಲೂ ತನ್ನ ತೋಳನ್ನು ಇವನ ತೋಳಿಗೆ ತಾಗಿಸಿಕೊಂಡೇ ಇರತೊಡಗಿದನು. ತೋಳು ಕದಲಿದಾಗ ಇವನೂ ಏಳುತ್ತಿದ್ದನು. ಸಫ್‌ಗಳನ್ನು ಕೂಡಿಸಿಕೊಳ್ಳಿರೆಂಬ ಪ್ರವಾದಿ ಬೋಧನೆಗೆ ಇಂಥದೊಂದು ಅರ್ಥವೂ ಇರಬಹುದೆಂದು ಯಾವ ವ್ಯಾಖ್ಯಾನದಲ್ಲೂ ನಾನು ಓದಿರಲಿಲ್ಲ.

ಇಂದು ಆ ಹುಡುಗ ಯುವಕನಾಗಿದ್ದಾನೆ. ಮನೆಯ ಉರ್ದು ಅವನಿಗೆ ಎಂದೂ ಕೇಳಿಸಲಿಲ್ಲ. ಶಾಲೆಯಲ್ಲಿ ಕಲಿತ ಕನ್ನಡದ ಅಕ್ಷರಗಳೇ ಅವನು ಓದಬಲ್ಲ ಭಾಷೆ. ಶುಕ್ರವಾರ ಖುತುಬಾಕ್ಕೆ ಮುಂಚಿನ ಉರ್ದು ಬಯಾನ್ ನಡೆಯುವಾಗ ಅವನು ಅರ್ಧ ಗಂಟೆ ಇಮಾಮರ ತುಟಿಗಳನ್ನು ನೋಡುತ್ತಾ ಕುಳಿತಿರುತ್ತಾನೆ. ಈಗ ನಾನು ಗುರುವಾರ ರಾತ್ರಿ ಮರುದಿನದ ಬಯಾನ್‌ನ ಸಾರಾಂಶವನ್ನು ಇಮಾಮರಿಂದ ಕೇಳಿ ತಿಳಿದು, ಕನ್ನಡದಲ್ಲಿ ಒಂದು ಪುಟ ಬರೆದು ಅವನ ಮೊಬೈಲಿಗೆ ಕಳುಹಿಸುತ್ತೇನೆ. ಕನ್ನಡ ಬಿ.ಎ. ಓದಿದ್ದು ಯಾವುದಕ್ಕೆ ಉಪಯೋಗವಾಯಿತೆಂದು ಯಾರಾದರೂ ಕೇಳಿದರೆ ನಾನು ಹೇಳಬಹುದಾದ ಉತ್ತರಗಳಲ್ಲಿ ಇದೂ ಒಂದು.

ಈ ಯುವಕನ ತಾಯಿ ಮಗನ ಬಾಲ್ಯದ ಮೊದಲ ಆರು ವರ್ಷಗಳನ್ನು ತಾವೀಝು, ಮಂತ್ರಿಸಿದ ನೀರು, ಊರೂರಿನ ಆಮಿಲರ ಬಾಗಿಲುಗಳಲ್ಲಿ ಕಳೆದಿದ್ದರು. ಆ ತಾಯಿಯನ್ನು ದೂರುವ ಮನಸ್ಸು ನನಗಿಲ್ಲ. ಮಗು ಗುಣವಾಗಲಿ ಎಂಬ ಹಂಬಲ ಎಲ್ಲ ತಾಯಂದಿರದು, ಎಲ್ಲ ಧರ್ಮದವರದು. ನಂಜನಗೂಡಿನವರಿಗೆ ಚಿರಪರಿಚಿತವಾದ ಐತಿಹ್ಯವೊಂದಿದೆ: ಟಿಪ್ಪು ಸುಲ್ತಾನರ ಪಟ್ಟದಾನೆಯ ಕಣ್ಣಿನ ಕಾಯಿಲೆ ವಾಸಿಯಾದುದರಿಂದ ಸುಲ್ತಾನರು ಇಲ್ಲಿನ ದೇವರನ್ನು ‘ಹಕೀಮ್ ನಂಜುಂಡ’ ಎಂದು ಕರೆದರೆಂದು ಜನ ಹೇಳುತ್ತಾರೆ. ಅದರ ಚರ್ಚೆ ಇಲ್ಲಿ ನನ್ನ ಉದ್ದೇಶವಲ್ಲ. ನನಗೆ ಅದರಲ್ಲಿ ಕಾಣುವುದು, ಒಂದು ಆನೆಯ ಕಣ್ಣಿಗಾಗಿ ಅರಸನೊಬ್ಬನು ಚಿಂತಿತನಾದನೆಂಬ ನೆನಪನ್ನು ಎರಡೂ ಸಮುದಾಯಗಳು ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಪ್ರೀತಿಯಿಂದ ಕಾಪಾಡಿಕೊಂಡು ಬಂದಿವೆ ಎಂಬುದು. ಆದರೆ ಗುಣವಾದವರ ಕಥೆಗಳನ್ನು ಹೇಳುವುದು ಸುಲಭ. ಗುಣವಾಗದೆ ಉಳಿದವರೊಂದಿಗೆ ಹೇಗೆ ಬಾಳಬೇಕೆಂಬುದೇ ಕಷ್ಟದ ಪಾಠ.

ದುಆ ವಿಶ್ವಾಸಿಯ ಆಯುಧ. ಅದರೊಂದಿಗೆ ಚಿಕಿತ್ಸೆ ಪಡೆಯಬೇಕೆಂಬುದೂ ಪ್ರವಾದಿವರ್ಯರ(ಸ) ಆದೇಶವೇ. ಈ ವಿಷಯದಲ್ಲಿ ಮೈಸೂರು ಜಿಲ್ಲೆಯವರಷ್ಟು ಅದೃಷ್ಟವಂತರು ಕಡಿಮೆ. ಜನ ‘ಆಯಿಷ್’ ಎಂದು ಕರೆಯುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಿಂದ ಮೈಸೂರಿನಲ್ಲಿದೆ. ದೇಶದ ನಾನಾ ಕಡೆಗಳಿಂದ ತಂದೆತಾಯಿಯರು ಮಕ್ಕಳನ್ನು ಅಲ್ಲಿಗೆ ಕರೆತರುತ್ತಾರೆ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಲ್ಲೂ ಆ ಸಂಸ್ಥೆಯು ಸೇವಾ ಕೇಂದ್ರವನ್ನು ನಡೆಸಿದೆ. ಹುಟ್ಟಿದ ಮಗುವಿಗೆ ಕಿವಿ ಕೇಳಿಸುತ್ತದೆಯೇ ಎಂಬುದನ್ನು ಕೆಲವೇ ದಿನಗಳಲ್ಲಿ, ಮಗು ಮಲಗಿದ್ದಂತೆಯೇ ಪರೀಕ್ಷಿಸಬಹುದು. ಮಗು ಮಾತನ್ನು ಕಲಿಯುವುದು ಮೊದಲ ಕೆಲವು ವರ್ಷಗಳಲ್ಲಿ. ಆ ವಯಸ್ಸಿನೊಳಗೆ ಶ್ರವಣಸಾಧನವೋ, ಕಾಕ್ಲಿಯರ್ ಇಂಪ್ಲಾಂಟೋ, ಸನ್ನೆ ಭಾಷೆಯೋ ದೊರೆತರೆ ಬದುಕಿನ ದಾರಿ ಬದಲಾಗುತ್ತದೆ. ತಡವಾದರೆ ಆ ಕಾಲ ಮರಳಿ ಬರುವುದಿಲ್ಲ. ನವಜಾತ ಶಿಶುವಿನ ಕಿವಿಯಲ್ಲಿ ನಾವು ಅಝಾನ್ ಹೇಳುತ್ತೇವೆ. ಆ ಕಿವಿಗೆ ಅದು ಕೇಳಿಸಿತೇ ಎಂದು ವಿಚಾರಿಸುವುದೂ ನಮ್ಮ ಕರ್ತವ್ಯವಾಗಲಿ.

ಇನ್ನೊಂದು ಸೂಕ್ಷ್ಮ ವಿಷಯವನ್ನೂ ಹೇಳಬೇಕು. ನಮ್ಮ ಪ್ರದೇಶದಲ್ಲಿ ರಕ್ತಸಂಬಂಧದೊಳಗಿನ ವಿವಾಹಗಳು ಎಲ್ಲ ಸಮುದಾಯಗಳಲ್ಲೂ ಇವೆ. ತಲೆಮಾರಿನಿಂದ ತಲೆಮಾರಿಗೆ ಅದೇ ಕುಟುಂಬಗಳ ನಡುವೆ ವಿವಾಹವಾದಾಗ ಹುಟ್ಟು ಕಿವುಡುತನವೂ ಸೇರಿದಂತೆ ಕೆಲವು ಅನುವಂಶಿಕ ತೊಂದರೆಗಳ ಸಂಭವ ಹೆಚ್ಚುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಸೋದರಸಂಬಂಧಿಗಳ ವಿವಾಹವನ್ನು ಇಸ್ಲಾಮ್ ಅನುಮತಿಸಿದೆ, ಕಡ್ಡಾಯಗೊಳಿಸಿಲ್ಲ. ಕುಟುಂಬದಲ್ಲಿ ಈಗಾಗಲೇ ಅಂಥ ಮಗುವಿದ್ದರೆ ಸಂಬಂಧ ನಿಶ್ಚಯಿಸುವ ಮೊದಲು ವೈದ್ಯರ ಸಲಹೆ ಕೇಳುವುದು ವಿವೇಕ. ಆದರೆ ಹುಟ್ಟಿದ ಮಗುವಿನ ಮುಂದೆ, ಆ ತಾಯಿಯ ಮುಂದೆ ಈ ಮಾತನ್ನು ಆರೋಪವಾಗಿ ಬಳಸುವುದು ಕ್ರೌರ್ಯ. ಅಂಗವೈಕಲ್ಯವು ಯಾರ ಪಾಪದ ಶಿಕ್ಷೆಯೂ ಅಲ್ಲ. ಅದು ಅಲ್ಲಾಹನ ಪರೀಕ್ಷೆ ಎನ್ನುತ್ತೇವಲ್ಲವೇ? ಆ ಪರೀಕ್ಷೆಗೆ ಕುಳಿತಿರುವವರಲ್ಲಿ ಇಡೀ ಮೊಹಲ್ಲಾ ಇದೆ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. ಅವರ ಹಕ್ಕುಗಳಿಗಾಗಿ 2016ರಲ್ಲಿ ಸಂಸತ್ತು ಹೊಸ ಕಾನೂನನ್ನು ಅಂಗೀಕರಿಸಿತು. 1995ರ ಹಳೆಯ ಕಾನೂನಿನಲ್ಲಿ 7 ಬಗೆಯ ವೈಕಲ್ಯಗಳಿದ್ದವು. ಹೊಸದರಲ್ಲಿ 21 ಇವೆ. ಆಟಿಸಂ, ಕಲಿಕಾ ನ್ಯೂನತೆ, ಥಲಸ್ಸೇಮಿಯಾ, ಆಸಿಡ್ ದಾಳಿಗೆ ತುತ್ತಾದವರು ಅದರಲ್ಲಿ ಸೇರಿದ್ದಾರೆ. ಶೇ. 40ಕ್ಕಿಂತ ಕಡಿಮೆಯಲ್ಲದ ವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರಿ ಉದ್ಯೋಗಗಳಲ್ಲಿ ಶೇ. 4, ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲಾತಿಯಿದೆ. ನಮ್ಮ ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಇದಕ್ಕಾಗಿಯೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ; ಅವರೂ ಸ್ವತಃ ವಿಕಲಚೇತನರೇ. ಯುಡಿಐಡಿ ಗುರುತಿನ ಚೀಟಿ, ಮಾಸಾಶನದ ಅರ್ಜಿ ಎಲ್ಲಕ್ಕೂ ಅವರು ದಾರಿ ತೋರಿಸುತ್ತಾರೆ. ಇದಾವುದೂ ದಾನವಲ್ಲ, ಹಕ್ಕು. ಆದರೆ ಅರ್ಜಿ ಬರೆಯಲು ಬಾರದ, ಕಚೇರಿಗೆ ಹೋಗಲು ಜೊತೆಯಿಲ್ಲದ ವಿಧವೆ ತಾಯಿಗೆ ಈ ಹಕ್ಕು ಇದ್ದೂ ಇಲ್ಲದಂತೆ. ಅಂಥವರೊಂದಿಗೆ ಒಂದು ದಿನ ತಾಲ್ಲೂಕು ಕಚೇರಿಗೆ ಹೋಗಿ ಬರುವುದು ಸಣ್ಣ ಸದಕಾ ಅಲ್ಲ. ದೃಷ್ಟಿ ಮಂದವಾದವನಿಗೆ ದಾರಿ ತೋರಿಸುವುದೂ ಸದಕಾ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ.

ನಾವು ಬಳಸುವ ಹೆಸರುಗಳ ಬಗ್ಗೆಯೂ ಎರಡು ಮಾತು. ಅಂಗವಿಕಲ, ವಿಕಲಚೇತನ, ವಿಶೇಷಚೇತನ ಎಂದು ಸರ್ಕಾರದ ಕಾಗದಗಳಲ್ಲಿ ಪದಗಳು ಬದಲಾಗುತ್ತಾ ಬಂದಿವೆ. ನಮ್ಮ ಗಲ್ಲಿಗಳಲ್ಲಿ ಮಾತ್ರ ಲಂಗಡಾ, ಗೂಂಗಾ, ಕುರುಡ ಎಂಬುವೇ ಹೆಸರುಗಳಾಗಿ ಉಳಿದಿವೆ. ಎಷ್ಟೋ ಬಾರಿ ಆ ಮನುಷ್ಯನ ನಿಜವಾದ ಹೆಸರು ಜನಾಝಾದ ದಿನವೇ ಊರಿಗೆ ತಿಳಿಯುತ್ತದೆ. ಅಡ್ಡಹೆಸರುಗಳಿಂದ ಪರಸ್ಪರ ಹೀಯಾಳಿಸುವುದನ್ನು ಕುರ್‌ಆನಿನ 49ನೆಯ ಅಧ್ಯಾಯ ಸ್ಪಷ್ಟವಾಗಿ ನಿಷೇಧಿಸಿದೆ. ಹದೀಸ್ ವರದಿಗಾರರಲ್ಲಿ ‘ಅಲ್ ಅಅ್‌ರಜ್’ ಅಂದರೆ ಕುಂಟರು, ‘ಅಲ್ ಅಅ್‌ಮಶ್’ ಅಂದರೆ ಕಣ್ಣು ಮಂದವಾದವರು ಎಂಬ ಹೆಸರುಗಳು ಇವೆಯಲ್ಲ ಎಂದು ಕೆಲವರು ವಾದಿಸಬಹುದು. ಹೌದು, ಇವೆ. ಆದರೆ ಆ ಹೆಸರುಗಳನ್ನು ಉಚ್ಚರಿಸಿದವರು ಅವರ ಎದುರು ಮಂಡಿಯೂರಿ ಕುಳಿತು ವಿದ್ಯೆ ಕಲಿತ ಶಿಷ್ಯರು. ಮಕ್ಕಾದ ಶ್ರೇಷ್ಠ ಮುಫ್ತಿಯಾಗಿದ್ದ ಅತಾ ಇಬ್ನು ಅಬೀ ರಬಾಹ್ ಕಪ್ಪು ವರ್ಣದವರು, ಕಾಲು ಊನವಾದವರು, ಒಂದು ಕಣ್ಣಿಲ್ಲದವರು. ಕೊನೆಗೆ ಪೂರ್ಣ ಅಂಧರಾದರು. ಹಜ್ಜ್‌ನ ದಿನಗಳಲ್ಲಿ ಜನ ಫತ್ವಾಕ್ಕಾಗಿ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು.

ನಮ್ಮ ಕನ್ನಡ ನಾಡಿನಲ್ಲೂ ಇಂಥ ಉದಾಹರಣೆ ದೂರವಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಾದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು, ಅವರೂ ಅಂಧರೇ, 2010ರಲ್ಲಿ ನಿಧನರಾಗುವವರೆಗೂ ಆ ಕೆಲಸವನ್ನು ಮುಂದುವರಿಸಿದರು. ಬೀದಿಯಲ್ಲಿ ಕೈಚಾಚಬೇಕಾಗಿದ್ದ ಎಷ್ಟೋ ಮಕ್ಕಳು ಅಲ್ಲಿಂದ ಕಲಾವಿದರಾಗಿ, ಸಂಗೀತ ಶಿಕ್ಷಕರಾಗಿ ಹೊರಬಂದರು. ಅಲ್ಲಿ ಅನ್ನವನ್ನೂ ಕೊಟ್ಟರು. ಅನ್ನದೊಂದಿಗೆ ಬದುಕುವ ವಿದ್ಯೆಯನ್ನೂ ಕೊಟ್ಟರು. ಒಳ್ಳೆಯದು ಎಲ್ಲಿದ್ದರೂ ವಿಶ್ವಾಸಿಯು ಅದರಿಂದ ಕಲಿಯಬೇಕು.

ನಮ್ಮ ಜಮಾಅತ್‌ಗಳು ಏನು ಮಾಡಬಹುದು? ಮೊದಲು ತಮ್ಮ ಮೊಹಲ್ಲಾದಲ್ಲಿ ಎಷ್ಟು ಮಂದಿ ವಿಕಲಚೇತನರಿದ್ದಾರೆಂದು ತಿಳಿದುಕೊಳ್ಳಬೇಕು. ಮದುವೆ, ಜನನ, ಮರಣಗಳ ದಾಖಲೆಯಿಡುವ ಕಮಿಟಿಗಳಿಗೆ ಇದು ಕಷ್ಟವಲ್ಲ. ಮನೆಯ ಒಳಕೋಣೆಯಲ್ಲೇ ಬೆಳೆದ, ನೆಂಟರ ಕಣ್ಣಿಗೂ ಬೀಳದ ಹೆಣ್ಣುಮಕ್ಕಳು ಆ ಪಟ್ಟಿಯಲ್ಲಿ ಬಿಟ್ಟುಹೋಗದಂತೆ ನೋಡಿಕೊಳ್ಳಬೇಕು. ಮಸೀದಿಯ ಬಾಗಿಲಿಗೆ ಇಳಿಜಾರು, ವುಝೂಖಾನೆಯಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ, ಕುಳಿತುಕೊಳ್ಳಲು ಎತ್ತರದ ಪೀಠ. ಇವುಗಳ ಖರ್ಚು ಒಂದು ಗುಮ್ಮಟದ ಬಣ್ಣಕ್ಕಿಂತ ಹೆಚ್ಚಾಗದು. ಮದ್ರಸಾದ ಒಬ್ಬ ಶಿಕ್ಷಕರಾದರೂ ಸನ್ನೆ ಭಾಷೆಯ ಆರಂಭದ ಪಾಠಗಳನ್ನು ಕಲಿಯಲಿ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರವು 2021ರ ಹೊತ್ತಿಗೆ 10,000 ಪದಗಳ ನಿಘಂಟನ್ನು ಸಿದ್ಧಪಡಿಸಿದೆ. ಅದರ ವಿಡಿಯೋಗಳನ್ನು ಮೊಬೈಲಿನಲ್ಲೇ ನೋಡಬಹುದು. ಇವೆಲ್ಲಕ್ಕಿಂತ ಮುಖ್ಯವಾಗಿ, ಕಮಿಟಿಯಲ್ಲೇ ಒಬ್ಬ ವಿಕಲಚೇತನರಿಗೆ ಸ್ಥಾನವಿರಲಿ. ಮೆಟ್ಟಿಲು ಎಷ್ಟು ಎತ್ತರವೆಂದು ಅದನ್ನು ಹತ್ತಲಾಗದವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಮಸೀದಿಗೆ ಬರಲಾಗದವರೂ ಇದ್ದಾರೆ. ದೃಷ್ಟಿ ಕಳೆದುಕೊಂಡಿದ್ದ ಇತ್ಬಾನ್ ಇಬ್ನು ಮಾಲಿಕ್(ರ) ಎಂಬ ಸಹಾಬಿ, ಮಳೆ ಬಂದಾಗ ಹಳ್ಳ ದಾಟಿ ತಮ್ಮ ಜನರ ಮಸೀದಿಗೆ ಹೋಗಲಾಗುವುದಿಲ್ಲವೆಂದು ಪ್ರವಾದಿವರ್ಯರಲ್ಲಿ(ಸ) ತೋಡಿಕೊಂಡರು. ಪ್ರವಾದಿವರ್ಯರು(ಸ) ಅವರ ಮನೆಗೇ ಹೋಗಿ, ಎಲ್ಲಿ ನಮಾಝ್ ಮಾಡಬೇಕೆಂದು ಅವರನ್ನೇ ಕೇಳಿ, ಅವರು ತೋರಿಸಿದ ಜಾಗದಲ್ಲಿ ನಮಾಝ್ ನಿರ್ವಹಿಸಿದರು. ಜಾಗವನ್ನು ಆರಿಸಿದ್ದು ಇತ್ಬಾನ್‌ರೇ(ರ) ಎಂಬುದನ್ನು ಗಮನಿಸಬೇಕು. ನೆರವು ಕೊಡುವವರು ಮೊದಲು ಕೇಳಬೇಕೆಂಬ ಪಾಠ ಅದರಲ್ಲಿದೆ.

ದುರ್ಬಲರಿಂದಾಗಿಯೇ ನಿಮಗೆ ಸಹಾಯವೂ ಅನ್ನವೂ ದೊರೆಯುತ್ತವೆ ಎಂದು ಪ್ರವಾದಿವರ್ಯರು(ಸ) ತಮ್ಮ ಅನುಚರರಿಗೆ ತಿಳಿಸಿದ್ದಾರೆ. ಹಾಗಾದರೆ ಯಾರು ಯಾರ ಆಶ್ರಯದಲ್ಲಿದ್ದಾರೆ? ಮದೀನಾದ ಜನ ಇಬ್ನು ಉಮ್ಮಿ ಮಕ್ತೂಮ್‌ರಿಗೆ(ರ) ಬೆಳಗಾಯಿತೆಂದು ಹೇಳಿದರು. ಅದಕ್ಕೆ ಪ್ರತಿಯಾಗಿ ಅವರು ಇಡೀ ಮದೀನಾವನ್ನು ನಮಾಝ್‌ಗೆ ಕರೆದರು. ನಮ್ಮ ಊರುಗಳಲ್ಲಿ ಅಂಥ ಎಷ್ಟು ಕಂಠಗಳು ಒಂದು ಮಾತಿಗಾಗಿ ಕಾಯುತ್ತಾ ಮೌನವಾಗಿ ಕುಳಿತಿವೆಯೋ ಅಲ್ಲಾಹನೇ ಬಲ್ಲ.

ಓ ಅಲ್ಲಾಹ್, ನಮ್ಮ ನಡುವೆ ಕಾಯುತ್ತಿರುವವರನ್ನು ಗುರುತಿಸುವ ಕಣ್ಣುಗಳನ್ನು ನಮಗೆ ದಯಪಾಲಿಸು. ಅವರ ಹಕ್ಕನ್ನು ದಾನವೆಂದು ಭ್ರಮಿಸದಂತೆ ನಮ್ಮನ್ನು ಕಾಪಾಡು. ಅವರೊಂದಿಗೆ ಒಂದೇ ಸಫ್‌ನಲ್ಲಿ, ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಭಾಗ್ಯವನ್ನು ನಮಗೆ ಕರುಣಿಸು. ಆಮೀನ್.